ಚೌಡಮ್ಮ ಹೊಳೆ ತನಕ ನಡೆದದ್ದು

ತುಂಗಭದ್ರೆಯ ದಂಡೆಯಲ್ಲಿ ಒಂದು ವ್ಯಾಯಾಮ ಶಾಲೆ ಇತ್ತು. ಕುಸ್ತಿಯವರದ್ದಲ್ಲ. ಕೈಕಾಲಿನ ಸ್ವಾಧೀನ ತಪ್ಪಿದವರು ಅಲ್ಲಿಗೆ ಬಂದು ನಿಲ್ಲುವುದನ್ನು, ನಡೆಯುವುದನ್ನು ಮತ್ತೆ ಕಲಿಯುತ್ತಿದ್ದರು. ಕಲಿಸುತ್ತಿದ್ದವರು ಡಾಕ್ಟರ್ ನಾಗವೇಣಿ. ಅರವತ್ತು ದಾಟಿದವರು, ಮಾತು ಕಡಿಮೆ.

ಅವರ ಹತ್ತಿರ ಸಂಶೋಧನೆ ಮಾಡಲು ಧರಣೇಂದ್ರ ಎಂಬ ಯುವಕ ಬಂದ. ಬರುವಾಗ ಒಂದು ಯಂತ್ರ ತಂದ. ಹಣೆಗೆ ಕಟ್ಟುವ ಅಗಲವಾದ ಪಟ್ಟಿ, ಅದರ ಒಳಮೈ ತುಂಬ ಪುಟ್ಟ ದೀಪಗಳು. ಮನುಷ್ಯ ನಡೆಯುತ್ತಿರುವಾಗಲೇ ಹಣೆಯ ಹಿಂದಿನ ಮಿದುಳು ಎಷ್ಟು ದುಡಿಯುತ್ತಿದೆ ಎಂಬುದನ್ನು ಅದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು.

"ಆ ಜಾಗದ ಕೆಲಸ ಏನು?" ಎಂದು ನಾಗವೇಣಿ ಕೇಳಿದರು.

"ಗಮನ ಇಟ್ಟು ಮಾಡುವ ಕೆಲಸವೆಲ್ಲ ಅದರದ್ದೇ, ಮೇಡಂ."

"ಸರಿ. ಮೊದಲು ಹದಿನೈದು ದಿನ ಚಾಪೆ ಹಾಸು."

ಧರಣೇಂದ್ರ ಚಾಪೆ ಹಾಸಿದ, ಸುತ್ತಿಟ್ಟ, ಮತ್ತೆ ಹಾಸಿದ. ಒಳಗೊಳಗೇ ಚಡಪಡಿಸಿದ. ಹದಿನಾರನೆಯ ದಿನ ಯಂತ್ರದ ಪೆಟ್ಟಿಗೆ ತೆರೆದ.

ಮೊದಲು ಪಟ್ಟಿ ಕಟ್ಟಿಸಿಕೊಂಡವರು ಚೌಡಮ್ಮ. ಹದಿನೇಳು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದುಹೋಗುವ ಕಾಯಿಲೆ ಅದು. ಮಿದುಳು ಹೇಳಿದ್ದು ಕಾಲಿಗೆ ತಡವಾಗಿ ತಲುಪುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುತ್ತಿದ್ದ ಹೆಂಗಸಿಗೆ ಈಗ ಅಡುಗೆಮನೆಯಲ್ಲೂ ಗೋಡೆ ಬೇಕಾಗಿತ್ತು.

ನೆಲದ ಮೇಲೆ ಅಡ್ಡಲಾಗಿ, ಒಂದರ ಮುಂದೊಂದು, ಐದು ಮರದ ಪಟ್ಟಿಗಳನ್ನು ಇಟ್ಟಿದ್ದರು. ಒಂದೊಂದನ್ನೇ ದಾಟಿ, ತಿರುಗಿ, ವಾಪಸು ಬರಬೇಕು. ಚೌಡಮ್ಮ ತುಟಿ ಕಚ್ಚಿ, ಕಾಲನ್ನೇ ನೋಡುತ್ತ ದಾಟಿದರು. ನಡುವೆ ಧರಣೇಂದ್ರ ಅವರ ಊರು ಯಾವುದೆಂದು ಕೇಳಿದ. ಅವರು ನಿಂತರು, ಊರಿನ ಹೆಸರು ಹೇಳಿದರು, ಆಮೇಲೆ ಮುಂದಿನ ಹೆಜ್ಜೆ ಇಟ್ಟರು. ಪರದೆಯ ಮೇಲೆ ಗೆರೆ ಜಿಗಿದು ಮೇಲೆ ಹೋಯಿತು.

ಧರಣೇಂದ್ರನಿಗೆ ಸಂತೋಷವಾಯಿತು. ವ್ಯಾಯಾಮ ಮಾಡಿದಂತೆಲ್ಲ ಮಿದುಳು ಹೆಚ್ಚು ಹೆಚ್ಚು ಕೆಲಸ ಮಾಡುತ್ತದೆ, ಗೆರೆ ಏರುತ್ತಲೇ ಹೋಗುತ್ತದೆ ಎಂದು ಅವನು ಅಧ್ಯಯನದ ಯೋಜನೆಯಲ್ಲಿ ಮೊದಲೇ ಬರೆದುಕೊಟ್ಟಿದ್ದ.

ವಾರಗಳು ಕಳೆದವು. ಚೌಡಮ್ಮ ದಿನವೂ ಬಂದರು. ಒಂಟಿ ಕಾಲಲ್ಲಿ ನಿಂತರು, ಮೆಟ್ಟಿಲು ಹತ್ತಿದರು, ಸುಸ್ತಾದಾಗ ಕೂತು ಮಜ್ಜಿಗೆ ಕುಡಿದರು.

ಗೆರೆ ಮಾತ್ರ ಇಳಿಯಿತು. ಮೂರನೆಯ ವಾರ ಸ್ವಲ್ಪ, ಐದನೆಯ ವಾರ ಇನ್ನಷ್ಟು, ಏಳನೆಯ ವಾರ ಮೊದಲಿನ ಅರ್ಧಕ್ಕೆ.

ಧರಣೇಂದ್ರ ಯಂತ್ರವನ್ನು ಬಿಚ್ಚಿ ಜೋಡಿಸಿದ. ಪಟ್ಟಿಯನ್ನು ಸ್ವಂತ ಹಣೆಗೆ ಕಟ್ಟಿ ನೋಡಿದ. ಯಂತ್ರ ಸರಿಯಾಗೇ ಇತ್ತು. ಹಾಗಾದರೆ ಕಾಯಿಲೆ ಹೆಚ್ಚಾಗುತ್ತಿದೆಯೇ? ಅವನಿಗೆ ಹೆದರಿಕೆಯಾಯಿತು. ಗುರುಗಳ ಹತ್ತಿರ ಹೋದ.

"ಮೇಡಂ, ಗೆರೆ ಇಳೀತಾ ಇದೆ."

"ಚೌಡಮ್ಮ ಏನಂತಾರೆ?"

"ಅವರನ್ನ ಕೇಳಿಲ್ಲ. ನನ್ನ ಅಧ್ಯಯನದಲ್ಲಿ ಆ ಪ್ರಶ್ನೆ ಇಲ್ಲ."

ನಾಗವೇಣಿ ತಲೆಯಾಡಿಸಿ, ಕಾಯುತ್ತಿದ್ದ ಇನ್ನೊಬ್ಬರ ಕೈ ಹಿಡಿದು ಎಬ್ಬಿಸಲು ಹೊರಟುಹೋದರು.

ಎಂಟನೆಯ ವಾರ ಕಡೆಯ ಪರೀಕ್ಷೆ. ಪಟ್ಟಿ ಕಟ್ಟುತ್ತ ಧರಣೇಂದ್ರ ತಗ್ಗಿದ ದನಿಯಲ್ಲಿ ಹೇಳಿದ. "ಅಕ್ಕ, ಇವತ್ತು ಒಂದೊಂದು ಹೆಜ್ಜೆಯನ್ನೂ ಯೋಚನೆ ಮಾಡಿ ಇಡಿ. ಮಂಡಿ ಎಷ್ಟು ಎತ್ತಬೇಕು, ಹಿಮ್ಮಡಿ ಎಲ್ಲಿ ಊರಬೇಕು, ಎಲ್ಲಾ ಗಮನದಲ್ಲಿರಲಿ."

ಚೌಡಮ್ಮ ಒಪ್ಪಿದರು. ಯಾರಾದರೂ ಏನಾದರೂ ಕೇಳಿದರೆ ಇಲ್ಲವೆನ್ನುವ ಸ್ವಭಾವ ಅವರದ್ದಲ್ಲ.

ಮೊದಲ ಮರದ ಪಟ್ಟಿ ದಾಟಿದರು. ಗೆರೆ ಏರಿತು. ಎರಡನೆಯದು ದಾಟಿದರು. ಇನ್ನೂ ಏರಿತು. ಧರಣೇಂದ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೂರನೆಯದಕ್ಕೆ ಬಲಗಾಲು ಸಿಕ್ಕಿಕೊಂಡಿತು. ಅವನು ತಲೆ ಎತ್ತುವಷ್ಟರಲ್ಲಿ ಚೌಡಮ್ಮ ನೆಲದ ಮೇಲಿದ್ದರು.

ಮಂಡಿ ತರಚಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಅವರೇ ನಕ್ಕು, ಏನಿಲ್ಲ ಬಿಡು ತಮ್ಮ ಅಂದರು. ಆದರೆ ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಅವರ ತಂಗಿ ಬಂದು, ಅಕ್ಕ ಗೋಡೆ ಹಿಡಿಯೋದು ಬಿಟ್ಟಿದ್ದಳು, ಈಗ ಮತ್ತೆ ಶುರು ಮಾಡಿದ್ದಾಳೆ, ಹೊಸ್ತಿಲು ದಾಟೋಕೂ ಹೆದರ್ತಾಳೆ ಎಂದು ಹೇಳಿಹೋದರು.

ಆವತ್ತೇ ಧರಣೇಂದ್ರ ನಾಗವೇಣಿಯವರ ಹತ್ತಿರ ಹೋದ. ಗುರುಗಳ ಮುಂದೆ ನಿಂತು ನಡೆದದ್ದೆಲ್ಲ ಹೇಳಿದ. ತಾನು ಕಿವಿಯಲ್ಲಿ ಹೇಳಿದ ಮಾತನ್ನೂ ಮುಚ್ಚಿಡಲಿಲ್ಲ.

ನಾಗವೇಣಿ ಬೈಯಲಿಲ್ಲ. "ಗೆರೆ ಏರಿತಾ?" ಎಂದು ಕೇಳಿದರು.

"ಏರಿತು."

"ಯಾಕೆ ಏರಿತು ಅಂತ ಬರೆದಿದೀಯಾ?"

ಅವನು ಬರೆದಿರಲಿಲ್ಲ. ಅವರು ತಮ್ಮ ಪೆನ್ನು ಮುಂದೆ ಚಾಚಿದರು. ಅವನು ಆ ದಿನದ ದಾಖಲೆ ತೆಗೆದು, ಏರಿದ ಗೆರೆಯ ಪಕ್ಕದಲ್ಲಿ ಬರೆದ: ನಾನು ಹೇಳಿಕೊಟ್ಟಿದ್ದರಿಂದ. ಎರಡೇ ಪದ, ಆದರೂ ಬರೆದು ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗು. ಯಂತ್ರ ಬೇಡ."

"ಹೋಗಿ ಏನು ಮಾಡಲಿ, ಮೇಡಂ?"

"ಅವರ ಜೊತೆ ಹೊಳೆ ತನಕ ನಡೆದು ಬಾ."

ಚೌಡಮ್ಮನ ಮನೆ ಹೊಳೆಯಿಂದ ಎರಡು ಓಣಿ ಆಚೆ. ಧರಣೇಂದ್ರ ಹೋದಾಗ ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವನು ಕೈಮುಗಿದು, ನಿಮ್ಮನ್ನ ಬೀಳಿಸಿದ್ದು ನಾನೇ ಅಂದ. ಗೆರೆ ಏರಲಿ ಅಂತ ಹಾಗೆ ಹೇಳಿಕೊಟ್ಟೆ ಅಂದ.

ಚೌಡಮ್ಮ ಅವನ ಮುಗಿದ ಕೈಗಳನ್ನು ಹಿಡಿದು ಇಳಿಸಿದರು.

"ಬಿದ್ದಿದ್ದಕ್ಕೆ ಬೇಜಾರಿಲ್ಲ ತಮ್ಮ. ಬಸ್ಸಲ್ಲೂ ಎಷ್ಟೋ ಸಲ ಬಿದ್ದಿದೀನಿ. ಆದ್ರೆ ಈಚೆಗೆ ಕಾಲು ತಾನೇ ಹೋಗ್ತಿತ್ತು, ಆವತ್ತಿಂದ ಮತ್ತೆ ಎತ್ತೋಕೆ ಮುಂಚೆ ಎಲ್ಲಾ ಕೇಳ್ಕಬೇಕು. ಎತ್ತಲಾ, ಊರಲಾ ಅಂತ. ಅದೇ ಸಾಕಾಗೈತೆ."

ಧರಣೇಂದ್ರ ಕುರ್ಚಿಯ ಪಕ್ಕಕ್ಕೆ ಬಂದ. ಗುರುಗಳು ಹೊಳೆ ತನಕ ಹೋಗಿಬರಲು ಹೇಳಿದ್ದಾರೆ ಎಂದಷ್ಟೇ ಹೇಳಿ ತೋಳು ಕೊಟ್ಟ. ಚೌಡಮ್ಮ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅವನ ತೋಳು ಹಿಡಿದು ಹೊಸ್ತಿಲು ದಾಟಿದರು. ಅವರ ಉಗುರು ಅವನ ತೋಳಿಗೆ ನಾಟುವಷ್ಟು ಬಿಗಿಯಾದ ಹಿಡಿತ.

ಮೊದಲ ಓಣಿ ಮುಗಿಯಲು ಬಹಳ ಹೊತ್ತಾಯಿತು. ಇಬ್ಬರ ಕಣ್ಣೂ ನೆಲದ ಮೇಲೆ.

ತಿರುವಿನಲ್ಲಿ ಸೇತುವೆ ಕಂಡಿತು. ಅದರ ಮೇಲೆ ಒಂದು ಕೆಂಪು ಬಸ್ಸು ಹೋಗುತ್ತಿತ್ತು. ಚೌಡಮ್ಮ ತಲೆ ಎತ್ತಿದರು.

"ಎಂಟೂವರೆ ಗಾಡಿ. ಇವತ್ತೂ ತಡ," ಅಂದರು.

ನಿಮಗೆ ಹೇಗೆ ಗೊತ್ತಾಯಿತು ಎಂದು ಧರಣೇಂದ್ರ ಕೇಳಿದ. ಏಳು ವರ್ಷ ಅದೇ ಗಾಡಿಯಲ್ಲಿದ್ದೆ ಎಂದು ಅವರು ಶುರು ಮಾಡಿದರು. ಒಂದು ಸಲ ಮದುವೆ ದಿಬ್ಬಣ ಅದೇ ಬಸ್ಸು ಹತ್ತಿತ್ತಂತೆ. ಒಂದು ನಿಲ್ದಾಣದಲ್ಲಿ ಮದುಮಗ ನೀರು ಕುಡಿಯಲು ಇಳಿದಿದ್ದಾನೆ. ಯಾರೂ ನೋಡಿಲ್ಲ. ಚೌಡಮ್ಮ ಸೀಟಿ ಊದಿದ್ದಾರೆ, ಗಾಡಿ ಹೊರಟಿದೆ. ಎರಡು ಊರು ದಾಟಿದ ಮೇಲೆ ಮದುಮಗಳ ಅಜ್ಜಿ ತಲೆ ಎಣಿಸಿ ಗಾಬರಿಯಾಗಿದ್ದಾರೆ. ಡ್ರೈವರು ಗಾಡಿ ತಿರುಗಿಸುವುದೋ ಬೇಡವೋ ಎಂದು ವಾದ ಮಾಡುತ್ತಿರುವಾಗ, ಹಿಂದಿನಿಂದ ಹಾಲಿನ ವ್ಯಾನು ಹಾರ್ನ್ ಹೊಡೆಯುತ್ತ ಬಂದಿದೆ. ಕ್ಯಾನುಗಳ ನಡುವೆ ಪೇಟ ಹಿಡಿದುಕೊಂಡು ಮದುಮಗ.

"ಮದುಮಗಳು ಏನಂದಳು?" ಎಂದು ಧರಣೇಂದ್ರ ನಗು ತಡೆಯಲಾರದೆ ಕೇಳಿದ.

"ಏನೂ ಅನ್ನಲಿಲ್ಲ. ಅವನನ್ನ ಕಿಟಕಿ ಪಕ್ಕ ಕೂರಿಸಿ, ಇಳಿಯೋ ದಾರಿಗೆ ಅಡ್ಡವಾಗಿ ತಾನು ಕೂತ್ಕಂಡ್ಲು."

ಇಬ್ಬರೂ ನಕ್ಕರು. ನಗು ನಿಂತಾಗ ಕಾಲ ಕೆಳಗೆ ಹೊಳೆಯ ಕಲ್ಲಿನ ಮೆಟ್ಟಿಲುಗಳಿದ್ದವು. ಚೌಡಮ್ಮನ ಕೈ ತನ್ನ ತೋಳನ್ನು ಬಿಟ್ಟದ್ದು ಯಾವಾಗ ಎಂಬುದು ಧರಣೇಂದ್ರನಿಗೆ ತಿಳಿಯಲಿಲ್ಲ.

ಮೆಟ್ಟಿಲ ಮೇಲೆ ಕೂತು ನೀರು ನೋಡಿದರು. ಬೆಳಗಿನ ತಂಪು ಇನ್ನೂ ಇತ್ತು. ಚೌಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಕಾಲು ಸೋತಿದೆ, ಆದರೂ ಹಿತವಾಗಿದೆ ಅಂದರು. ಆಮೇಲೆ ಮನೆಗೆ ಹೋಗುವ ಬದಲು ಶಾಲೆಗೇ ಹೋಗೋಣ ಎಂದು ತಾವೇ ಎದ್ದರು.

ಶಾಲೆಯ ಬಾಗಿಲಲ್ಲಿ ನಾಗವೇಣಿ ನಿಂತಿದ್ದರು. ಚೌಡಮ್ಮ ಅವರಿಗೆ ನಮಸ್ಕಾರ ಹೇಳಿ, ಒಳಗೆ ಬೆಂಚಿನ ಮೇಲೆ ಕೂತವರ ನಡುವೆ ಜಾಗ ಮಾಡಿಕೊಂಡರು. ಏನೋ ಹೇಳತೊಡಗಿದರು. ಸುತ್ತ ಇದ್ದವರು ಹತ್ತಿರ ಸರಿದರು.

"ಎಷ್ಟು ಹೆಜ್ಜೆ ಆಯಿತು?" ಎಂದು ನಾಗವೇಣಿ ಶಿಷ್ಯನನ್ನು ಕೇಳಿದರು.

"ಎಣಿಸಲಿಲ್ಲ, ಮೇಡಂ."

"ಬಲಗಾಲು ಎಳೀತಾ ಇತ್ತಾ?"

ಧರಣೇಂದ್ರ ನೆನಪಿಸಿಕೊಳ್ಳಲು ನೋಡಿದ. ಸೇತುವೆ ನೆನಪಾಯಿತು, ಬಸ್ಸು ನೆನಪಾಯಿತು, ಹಾಲಿನ ಕ್ಯಾನು ನೆನಪಾಯಿತು. ಅವನು ತಲೆ ತಗ್ಗಿಸಿದ.

"ತಪ್ಪಾಯಿತು ಮೇಡಂ. ಅವರ ಕಾಲು ನೋಡೋದನ್ನೇ ಮರೆತುಬಿಟ್ಟೆ."

ನಾಗವೇಣಿ ಒಳಗೆ ಬೆಂಚಿನ ಕಡೆ ನೋಡಿದರು.

"ಅವರೂ ಮರೆತಿದ್ದರು."