ಎಡಕ್ಕೆ ಬಿದ್ದ ಹೂ

ಹೊಳೆದಂಡೆಯ ಮಠದಲ್ಲಿ ಒಂದು ಪದ್ಧತಿ. ಆಚೆ ದಂಡೆಯ ನೇಕಾರರು ವರ್ಷಕ್ಕೊಮ್ಮೆ ಬಂದು ದೇವರಲ್ಲಿ ಹೂ ಕೇಳುವರು. ದೇವರ ತಲೆಯ ಮೇಲಿನ ಹೂ ಬಲಕ್ಕೆ ಬಿದ್ದರೆ ಆ ವರ್ಷ ಸೀರೆಗೆ ಗಿರಾಕಿ ಉಂಟು. ಎಡಕ್ಕೆ ಬಿದ್ದರೆ ಇಲ್ಲ.

ಗರ್ಭಗುಡಿಯಲ್ಲಿ ಕತ್ತಲೆ. ಹೊರಗಿನವರಿಗೆ ಏನೂ ಕಾಣದು. ಒಳಗೆ ಕೂತವನು ಹೇಳಿದ್ದೇ ದೇವರ ಮಾತು.

ಕಳೆದ ವರ್ಷ ಗುರು ಅಡವಯ್ಯನವರಿಗೆ ಜ್ವರ. ಒಳಗೆ ಕೂತವನು ಶಿಷ್ಯ ಕಲ್ಲಿನಾಥ. ಹೂ ಎಡಕ್ಕೆ ಬಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಈ ವರ್ಷ ಎದೆಯುಬ್ಬಿಸಿ ಗುರುಗಳ ಮುಂದೆ ನಿಂತ.

"ನನ್ನ ಮಾತು ಕೂದಲೆಳೆಯಷ್ಟೂ ತಪ್ಪಲಿಲ್ಲ. ನೇಯ್ದ ನಾಲ್ಕಾರು ಸೀರೆಯೂ ಮಾರಾಟವಾಗಲಿಲ್ಲ. ಇನ್ನು ಹೂ ನೋಡುವ ಕೆಲಸ ನನಗೇ ಬಿಡಬಹುದಲ್ಲ?"

"ಯಾಕೆ ಮಾರಾಟವಾಗಲಿಲ್ಲ?"

"ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ."

"ಕೊಳ್ಳುವವರು ಯಾರು?"

"ಬಣ್ಣ ಹಾಕುವವರು, ನೂಲು ಸುತ್ತುವವರು, ಗಾಡಿ ಹೊಡೆಯುವವರು. ಎಲ್ಲ ಅಲ್ಲಿಯವರೇ."

"ಅವರಿಗೆ ಕಾಸು ಎಲ್ಲಿಂದ ಬರಬೇಕು?"

"ಮಗ್ಗದಿಂದ. ಮಗ್ಗ ನಿಂತಿದ್ದವಲ್ಲ."

"ಯಾರು ನಿಲ್ಲಿಸಿದರು?"

"ನೇಕಾರರೇ. ಹೂ ಎಡಕ್ಕೆ ಬಿತ್ತೆಂದು ನಾನು ಹೇಳಿದ ಮೇಲೆ..."

ಅಷ್ಟರಲ್ಲಿ ನೇಕಾರರು ಅಂಗಳಕ್ಕೆ ಬಂದರು. ಎಲ್ಲರ ಮುಂದೆ ನೀಲವ್ವ. ಹೊಳೆಯ ಎರಡೂ ದಂಡೆಯಲ್ಲಿ ಅವಳು ನೇಯ್ದ ಸೆರಗಿಗೆ ಹೆಸರಿತ್ತು. ಅವಳಿಗೂ ಅದು ಗೊತ್ತಿತ್ತು.

"ಸಣ್ಣ ಸ್ವಾಮೇರ, ನಿಮ್ಮ ಮಾತು ಖರೇ ಆತ್ರಿ," ಎಂದಳು. "ನನ್ನ ಮಗ್ಗದ ಕುಣಿಯಾಗ ಈಗ ಕೋಳಿ ಕಾವಿಗೆ ಕುಂತೈತಿ. ಎಷ್ಟು ಮರಿ ಆಗ್ತಾವು, ಅದನ್ನೂ ಹೇಳಿಬಿಡ್ರಿ."

ಯಾರೂ ನಗಲಿಲ್ಲ. ಈ ವರ್ಷವೂ ಎಡವೆಂದರೆ ಅವರು ಮಗ್ಗ ಕಿತ್ತು ಊರು ಬಿಡುವವರಿದ್ದರು.

ಕಲ್ಲಿನಾಥ ತಗ್ಗಿದ ದನಿಯಲ್ಲಿ ಗುರುಗಳನ್ನು ಕೇಳಿದ: "ನೀವು ಹೇಳಿದ್ದೂ ಎಂದೂ ಸುಳ್ಳಾಗಿಲ್ಲ. ಒಳಗೆ ಕೂತು ನೀವು ಹೂವನ್ನು ಹೇಗೆ ನೋಡುತ್ತಿದ್ದಿರಿ?"

"ಹೂ ಯಾರು ನೋಡಿದರು? ನಾನು ಬಂದವರ ಮುಖ ನೋಡುತ್ತಿದ್ದೆ. ಹೆದರಿ ಬಂದ ವರ್ಷ ಬಲ ಅಂದೆ. ಮನೆಗೆರಡು ಮಗ್ಗ ಹೂಡುತ್ತೇವೆಂದು ಕುಣಿದು ಬಂದ ವರ್ಷ, ನೇಯ್ದದ್ದು ರಾಶಿ ಬೀಳದಿರಲೆಂದು ಎಡ ಅಂದೆ."

"ಅದು ಸುಳ್ಳಲ್ಲವೇ?"

"ಸುಳ್ಳಾಗಲಿಲ್ಲವೆಂದು ಈಗ ನೀನೇ ಅಂದೆ. ಹೋಗು, ಒಳಗೆ ಕೂರು."

ಕಲ್ಲಿನಾಥ ಹೊಸ್ತಿಲಲ್ಲಿ ನಿಂತು ಅಂಗಳದ ಕಡೆ ತಿರುಗಿದ. ಮುಖಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ಗುರುಗಳನ್ನು ನೋಡಿದ.

"ಮತ್ತೆ ಎಡಕ್ಕೇ ಬಿದ್ದರೆ?"

"ಬೀಳಲಿ. ಹೂವಿಗೆ ನೇಯಲು ಬರುವುದಿಲ್ಲ."