ಮೇಜಿನ ಕಾಲಿನ ಕೆಳಗಿನ ವರದಿ

ದಾನಮ್ಮ ತಂದ ಮೊದಲ ವರದಿಯನ್ನು ಗುರುಗಳು ಮಡಚಿದರು. ಬಗ್ಗಿ, ಮೇಜಿನ ಗಿಡ್ಡ ಕಾಲಿನ ಕೆಳಗೆ ತುರುಕಿದರು.

ಮೇಜು ಅಲುಗಾಡುವುದು ನಿಂತಿತು.

"ಉಪಯೋಗ ಆತು," ಎಂದರು.

ದಾನಮ್ಮನ ಮುಖ ಸಣ್ಣದಾಯಿತು.

"ಓದಲೇ ಇಲ್ಲಲ್ರೀ ಅಜ್ಜಾರ."

"ಏನೈತಿ ಅದರಾಗ?"

"ಎಲ್ಲಾ ಐತ್ರಿ. ಯಂತ್ರ ಮಾಡಿದ್ದು ಒಂದೂ ಬಿಟ್ಟಿಲ್ಲ. ಹದಿನೈದು ದಿನ ಕುಂತು ಮಾಡೀನ್ರಿ."

"ಯಾರಿಗೆ?"

"ಯಾರಿಗೆ ಅಂದ್ರ?"

"ಎಲ್ಲಾ ಬರದೀಯಲ್ಲ, ಯಾರು ಓದಲಿ ಅಂತ?"

ದಾನಮ್ಮ ಮೇಜಿನ ಕಾಲನ್ನೇ ನೋಡಿದಳು.

ಮಲಪ್ರಭೆಯ ದಂಡೆಯ ಆಶ್ರಮ ಅದು. ಹಿಂದಿನ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಒಂದು ಯಂತ್ರವಿತ್ತು. ಒಳಗೆ ಸಾಲುಸಾಲಾಗಿ ಟೇಪುಗಳು. ಸುತ್ತಲಿನ ಹಳ್ಳಿಗಳ ಹಾಡುಗಳೆಲ್ಲ ಅವುಗಳಲ್ಲಿದ್ದವು. ಹಾಡಿದವರಲ್ಲಿ ಹೆಚ್ಚಿನವರು ಈಗ ಇರಲಿಲ್ಲ.

ಯಾರಾದರೂ ಒಂದು ಹಾಡು ಬೇಕೆಂದರೆ ಯಂತ್ರದೊಳಗಿನ ಲೋಹದ ಕೈ ಆ ಟೇಪನ್ನು ಹುಡುಕಿ ತೆಗೆಯುತ್ತಿತ್ತು. ಓದುವ ಪೆಟ್ಟಿಗೆಯೊಳಗೆ ಇಡುತ್ತಿತ್ತು. ಓದಿ ಮುಗಿದ ಮೇಲೆ ತಿರುಗಿ ಅದರ ಜಾಗಕ್ಕೆ. ಮಾಡಿದ್ದನ್ನೆಲ್ಲ ಯಂತ್ರವೇ ಬರೆದಿಡುತ್ತಿತ್ತು.

ಈಗ ಯಂತ್ರ ತುಂಬಿತ್ತು. ಹೊಸ ಹಾಡಿಗೆ ಜಾಗವಿಲ್ಲ. ಯಾವ ಟೇಪುಗಳನ್ನು ಅಳಿಸಬಹುದು, ವರದಿ ಕೊಡಿ ಎಂದು ಆಶ್ರಮದ ಮಂಡಳಿ ಕೇಳಿತ್ತು.

ಕೋಣೆಯ ಕೀಲಿ ಗುರುಗಳ ಸೊಂಟದಲ್ಲಿತ್ತು. ಅವರಿಗೆ ವಯಸ್ಸಾಗಿತ್ತು; ಅದನ್ನು ಯಾರಿಗಾದರೂ ಒಪ್ಪಿಸಬೇಕಿತ್ತು.

"ರಿಪೋರ್ಟ್ ಸರಿ ಬಂದ್ರ ಕೀಲಿ ನಿನಗ," ಎಂದಿದ್ದರು. "ಇಲ್ಲಂದ್ರ ಮಂಡಳಿಯವರು ಪ್ಯಾಟಿಯಿಂದ ಯಾರನ್ನರ ಕರಸ್ತಾರ."

ದಾನಮ್ಮನಿಗೆ ಆ ಕೀಲಿ ಬೇಕಿತ್ತು. ಆಶ್ರಮಕ್ಕೆ ಬಂದದ್ದೇ ಅದಕ್ಕೆ.

ಸಿಗುತ್ತದೆ ಎಂದು ಅವಳಿಗೆ ಧೈರ್ಯವೂ ಇತ್ತು. ಗುರುಗಳು ದಿನವಿಡೀ ಅವಳನ್ನೇ ಕರೆಯುತ್ತಿದ್ದರು. ನೀರಿಗೆ, ಕನ್ನಡಕಕ್ಕೆ, ನಿನ್ನೆ ಕೇಳಿದ್ದನ್ನೇ ಇವತ್ತು ಕೇಳಲಿಕ್ಕೆ. ಅಡುಗೆಮನೆ ನೋಡಿಕೊಳ್ಳುವ ಮುರಿಗೆಪ್ಪನೂ ಶಿಷ್ಯನೇ, ಅವಳಿಗಿಂತ ಹಳಬ. ಅವನ ಹೆಸರನ್ನು ಗುರುಗಳು ಕೂಗಿದ್ದನ್ನು ಅವಳು ಕೇಳಿರಲಿಲ್ಲ.

"ನಿನ್ನ ಹೆಸರು ಕಾಗಿಗೋಳು ಸೈತ ಕಲತಾವು, ದಾನವ್ವಾ," ಎಂದ ಮುರಿಗೆಪ್ಪ. "ಬೆಳಿಗ್ಗೆ ಎದ್ದು ಅವೂ ದಾನಮ್ಮಾ ದಾನಮ್ಮಾ ಅಂತಾವು."

"ಹೊಟ್ಟಿಕಿಚ್ಚೇನು?"

"ಒಲಿಕಿಚ್ಚ ಸಾಕಾಗೇತಿ ನನಗ."

ದಾನಮ್ಮ ನಕ್ಕಳು. ಮನಸ್ಸಿನಲ್ಲಿ ಅವನಿಗಾಗಿ ಸ್ವಲ್ಪ ಮರುಗಿದಳು ಕೂಡ.

ಎರಡನೆಯ ವರದಿ ಒಂದೇ ಹಾಳೆಯದಾಗಿತ್ತು.

ಒಂದು ಹಾಳೆಗೆ ಹಿಡಿಸಲೆಂದು ಅವಳು ಬಹಳಷ್ಟು ಕಾಲಂಗಳನ್ನು ತೆಗೆದುಹಾಕಿದ್ದಳು. ಉಳಿದದ್ದು ಎರಡು. ಟೇಪಿನ ಸಂಖ್ಯೆ. ಯಂತ್ರ ಅದನ್ನು ಎಷ್ಟು ಸಲ ಹೊರತೆಗೆಯಿತು ಎಂಬುದು. ಬಹಳ ಸಲ ಬಂದದ್ದು ಮೇಲೆ, ಒಮ್ಮೆಯೂ ಬಾರದ್ದು ಕೆಳಗೆ.

ಗುರುಗಳು ಕನ್ನಡಕ ಹಾಕಿಕೊಂಡರು. ಓದಿದರು.

"ಇದು ಯಾರಿಗೆ?"

"ಮಂಡಳಿಯವರಿಗ್ರಿ."

"ಅವರು ಏನ್ ಮಾಡ್ತಾರ?"

"ಕೆಳಗಿನವನ್ನ ಅಳಿಸ್ತಾರ್ರಿ. ಯಾರಿಗೂ ಬೇಕಾಗಿಲ್ಲ ಅವು."

"ಮ್ಯಾಲಿಂದು?"

"ಅದು ಎಲ್ಲಾರಿಗೂ ಬೇಕಾದದ್ದು. ನೋಡ್ರಿ, ಎರಡನೇದ್ದು ಅದರ ಹತ್ತಿರಕ್ಕೂ ಬಂದಿಲ್ಲ."

"ಮಂಡಳಿಯವರು ಯಾಕ? ಕಟ್ಟಕಡೀದನ್ನ ನೀನ ಅಳಸು."

ದಾನಮ್ಮ ಸಂತೋಷದಿಂದ ಎದ್ದಳು. ವರದಿ ಒಪ್ಪಿಗೆಯಾಯಿತು ಎಂದುಕೊಂಡಳು. ಗುರುಗಳೂ ಹಿಂದೆ ಬಂದು ಕೋಣೆಯ ಬಾಗಿಲು ತೆರೆದರು.

ಅವಳು ಅಳಿಸುವ ಆಜ್ಞೆ ಕೊಟ್ಟಳು. ಯಂತ್ರ ಆ ಟೇಪನ್ನು ತೆಗೆಯಿತು, ಪೆಟ್ಟಿಗೆಗೆ ಹಾಕಿತು, ಆಗುವುದಿಲ್ಲ ಎಂದಿತು.

ಟೇಪನ್ನು ಹೊರಗೆ ತೆಗೆಸಿ ನೋಡಿದಳು. ಅಂಚಿನಲ್ಲಿ ಉಗುರಿನಷ್ಟು ಚಿಕ್ಕ ಚಿಲಕವಿತ್ತು. ಅದನ್ನು ಸರಿಸಿಟ್ಟರೆ ಟೇಪಿನ ಮೇಲೆ ಹೊಸದನ್ನು ಬರೆಯಲಾಗದು, ಇದ್ದದ್ದನ್ನು ಅಳಿಸಲಾಗದು.

"ಯಾರೋ ಚಿಲಕ ಹಾಕ್ಯಾರ್ರಿ."

"ನಾನ ಹಾಕೀನಿ."

"ಯಾವಾಗ್ರಿ?"

"ನೀ ಹುಟ್ಟಿದ್ದಿಲ್ಲ."

ಅವಳು ಅನುಮಾನಿಸಿದಳು. "ತಗೀಲೇನ್ರಿ?"

"ರಿಪೋರ್ಟ್ ಯಾರದು?"

"ನಂದ್ರಿ."

"ಹಂಗಾದ್ರ ಕೇಳೂದೇನು?"

ದಾನಮ್ಮ ಚಿಲಕದ ಮೇಲೆ ಉಗುರಿಟ್ಟಳು.

"ತಡಿ," ಎಂದರು ಗುರುಗಳು. ಸ್ಟೂಲು ಎಳೆದುಕೊಂಡು ಕುಳಿತರು. "ಅದಕ್ಕೂ ಮೊದಲ ಮ್ಯಾಲಿನ ಟೇಪ್ ಹಚ್ಚು. ಎಲ್ಲಾರಿಗೂ ಬೇಕಾದದ್ದು. ನಾನೂ ಒಂದಿಷ್ಟು ಕೇಳ್ತೀನಿ."

ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲಿಟ್ಟು ಅವಳು ಪಟ್ಟಿಯ ಮೊದಲ ಟೇಪು ಬೇಕೆಂದು ಯಂತ್ರಕ್ಕೆ ಹೇಳಿದಳು.

ಲೋಹದ ಕೈ ಸರಿಯಿತು. ಟೇಪನ್ನು ಹಿಡಿಯಿತು. ಪೆಟ್ಟಿಗೆಗೆ ಹಾಕಿತು.

ಪೆಟ್ಟಿಗೆ ಗುರುಗುಟ್ಟಿತು. ನಿಂತಿತು. ಟೇಪನ್ನು ಹೊರದೂಡಿತು.

ಕೈ ಅದನ್ನು ಒಯ್ದು ಜಾಗದಲ್ಲಿಟ್ಟಿತು. ತುಸು ಹೊತ್ತು ಬಿಟ್ಟು ಮತ್ತೆ ತೆಗೆಯಿತು. ಮತ್ತೆ ಗುರುಗುಟ್ಟುವ ಸದ್ದು. ಮತ್ತೆ ಹೊರಗೆ.

ಗುರುಗಳು ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದರು.

"ಛಲೋ ಹಾಡ್ಯಾರ," ಎಂದರು.

"ಹಾಡು ಎಲ್ಲಿ ಬಂತ್ರೀ ಅಜ್ಜಾರ? ಇದು ಓದಾಕ ಒಲ್ಲದು."

"ಲೆಕ್ಕ ಎಷ್ಟಾತು ನೋಡು."

ದಾನಮ್ಮ ಯಂತ್ರದ ಪರದೆ ನೋಡಿದಳು. ಲೆಕ್ಕ ಏರಿತ್ತು. ಅವಳು ನೋಡುತ್ತಿದ್ದಂತೆಯೇ ಕೈ ಟೇಪನ್ನು ಇನ್ನೊಮ್ಮೆ ತೆಗೆಯಿತು. ಲೆಕ್ಕ ಇನ್ನೊಂದು ಏರಿತು.

"ನಾವು ಒಂದಕ್ಷರ ಕೇಳಿಲ್ಲ," ಎಂದಳು. "ಲೆಕ್ಕ ಮಾತ್ರ ಏರಾಕ ಹತ್ತೇತಿ."

"ಎಲ್ಲಾರಿಗೂ ಬೇಕಾದದ್ದು," ಎಂದರು ಗುರುಗಳು.

ದಾನಮ್ಮನ ಕಿವಿ ಕೆಂಪಾಯಿತು. ಯಂತ್ರವನ್ನು ನಿಲ್ಲಿಸಿದಳು. ಹಿಂದಿನದನ್ನೆಲ್ಲ ನೋಡಬೇಕಿತ್ತು. ತಾನು ತೆಗೆದುಹಾಕಿದ ಕಾಲಂಗಳು ಬೇಕಾಗಿದ್ದವು.

ಹೊರಗಿನ ಕೋಣೆಗೆ ಓಡಿದಳು. ಮೇಜನ್ನು ಒಂದು ಕೈಯಿಂದ ಎತ್ತಿ, ಕಾಲಿನ ಕೆಳಗಿನ ಕಟ್ಟನ್ನು ಎಳೆದುಕೊಂಡಳು. ನೆಲದ ಮೇಲೆ ಕುಳಿತು ಹಾಳೆಗಳನ್ನು ತಿರುವಿದಳು.

ಎಲ್ಲ ಅಲ್ಲಿತ್ತು. ಮೇಲಿನ ಟೇಪಿನ ಎದುರಿಗೆ ಓದಲಾಗಲಿಲ್ಲ, ಓದಲಾಗಲಿಲ್ಲ ಎಂದು ಪುಟದ ಮೇಲೆ ಪುಟ. ಅದರಲ್ಲಿದ್ದದ್ದು ಮಗ್ಗದ ಪದಗಳು. ನೇಯುವ ಹೆಂಗಸರು ಲಾಳಿಯ ಸದ್ದಿನೊಂದಿಗೆ ಹಾಡಿದವು.

ಅದು ಬೇಕೆಂದವನು ಒಬ್ಬನೇ. ಗುಳೇದಗುಡ್ಡದ ನೇಕಾರ ವಿರೂಪಣ್ಣ. ತನ್ನ ತಾಯಿ ಹಾಡಿದ ಪದ ಬೇಕು ಎಂದು ಶ್ರಾವಣದಲ್ಲಿ ಒಮ್ಮೆ ಕೇಳಿದ್ದ. ಅವನಿಗೆ ಕೊಡಲೆಂದು ಯಂತ್ರ ಅಂದಿನಿಂದ ತೆಗೆಯುತ್ತಲೇ ಇತ್ತು, ಇಡುತ್ತಲೇ ಇತ್ತು.

ದಾನಮ್ಮ ಇನ್ನೊಂದು ಕಾಲಂ ನೋಡಿದಳು. ಒಂದು ಟೇಪು ಕೆಟ್ಟರೆ ಇರಲಿ ಎಂದು ಅವೇ ಹಾಡುಗಳನ್ನು ಇನ್ನೊಂದು ಟೇಪಿನಲ್ಲೂ ಇಟ್ಟಿರುತ್ತಾರೆ. ಅದನ್ನು ಜೋಡಿ ಎನ್ನುತ್ತಾರೆ. ಈ ಟೇಪಿಗೂ ಜೋಡಿಯ ಸಂಖ್ಯೆ ಬರೆದಿತ್ತು.

ಆ ಸಂಖ್ಯೆ ಅವಳಿಗೆ ಗೊತ್ತಿತ್ತು. ಈಗಷ್ಟೇ ಅದರ ಚಿಲಕದ ಮೇಲೆ ಉಗುರಿಟ್ಟಿದ್ದಳು.

ಮೇಜು ಅಲುಗಾಡುತ್ತಿತ್ತು. ಎರಡನೆಯ ವರದಿಯನ್ನು ಮಡಚಿ ಅದರ ಕಾಲಿನ ಕೆಳಗಿಟ್ಟಳು. ಒಂದೇ ಹಾಳೆ, ಸಾಲಲಿಲ್ಲ.

ಒಳಗೆ ಬಂದಾಗ ಗುರುಗಳು ಸ್ಟೂಲಿನ ಮೇಲೆಯೇ ಇದ್ದರು. ಮೇಜಿನ ಮೇಲಿದ್ದ ಟೇಪನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಅವಳು ಎರಡೂ ಕೈ ಚಾಚಿದಳು. ಅವರು ಕೊಟ್ಟರು.

ಚಿಲಕ ಇದ್ದಂತೆಯೇ ಇದೆಯೇ ಎಂದು ನೋಡಿ ಟೇಪನ್ನು ಯಂತ್ರಕ್ಕೆ ಕೊಟ್ಟಳು.

ಮೊದಲು ಲಾಳಿಯ ಸದ್ದು ಬಂತು. ಆ ಮೇಲೆ ಒಬ್ಬ ಹೆಂಗಸಿನ ದನಿ. ನಡುವೆ ಯಾರೋ ಕೆಮ್ಮಿದರು. ಹಾಡುತ್ತಿದ್ದವಳು ನಿಲ್ಲಿಸಿ ಅವರಿಗೆ ಬೈದಳು, ಬಿಟ್ಟಲ್ಲಿಂದ ಮತ್ತೆ ಹಿಡಿದಳು.

ಗುರುಗಳು ತೊಡೆಯ ಮೇಲೆ ತಾಳ ಹಾಕಿದರು. ದಾನಮ್ಮ ನೆಲದ ಮೇಲೆ ಕುಳಿತು ಕೊನೆಯವರೆಗೂ ಕೇಳಿದಳು.

ಕೋಣೆಯ ಬಾಗಿಲಿಗೆ ಮುರಿಗೆಪ್ಪ ಬಂದು ನಿಂತಿದ್ದ. ಕೈಯಲ್ಲಿ ಹಿಟ್ಟು ಅಂಟಿಕೊಂಡಿತ್ತು. ಕರೆಯದೆಯೇ ಬಂದಿದ್ದ.

ಮುಂದಿನ ವಾರ ಮಂಡಳಿಯ ಹೊಸಮನಿಯವರು ಬಂದರು. ದೊಡ್ಡ ಮೀಸೆ, ದೊಡ್ಡ ದನಿ.

ದಾನಮ್ಮ ಮೂರನೆಯ ವರದಿ ಕೊಟ್ಟಳು. ಅದೂ ಒಂದೇ ಹಾಳೆ. ಜನ ಕೇಳಿದ್ದು ಒಂದು ಕಡೆ, ಯಂತ್ರ ತಾನಾಗಿ ತೆಗೆದದ್ದು ಒಂದು ಕಡೆ. ಯಾವುದಕ್ಕೆ ಜೋಡಿ ಇದೆ, ಯಾವುದಕ್ಕೆ ಇಲ್ಲ. ಓದಲು ತಡವರಿಸುವ ಟೇಪುಗಳು ಎಲ್ಲಕ್ಕಿಂತ ಮೇಲೆ.

ಹೊಸಮನಿಯವರು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು.

"ಅಳಿಸಬೇಕಾದದ್ದು: ಯಾವುದೂ ಇಲ್ಲ." ತಲೆ ಎತ್ತಿದರು. "ಏನವಾ ಇದು? ಯಾವುದು ಅಳಸೂದು ಅಂತ ಕೇಳಿದ್ವಿ ನಾವು."

"ನಿಮಗ ಬೇಕಾದದ್ದು ಜಾಗಾ ಅಲ್ರೀ?"

"ಹೌದು."

"ಜಾಗಾ ಐತ್ರಿ. ಜೋಡಿ ಟೇಪುಗಳು ಯಂತ್ರದಾಗ ಇರಬೇಕಂತೇನಿಲ್ಲ. ಮ್ಯಾಲಿನ ಖೋಲಿ ಬೀರುವಿನಾಗ ಇಡ್ತೀನಿ. ಯಂತ್ರ ಕೆಟ್ರೂ ಅವು ಉಳೀತಾವ. ಹೊಳಿ ಬಂದ್ರೂ ಅಲ್ಲಿತನಕಾ ನೀರು ಏರೂದಿಲ್ಲ."

ಹೊಸಮನಿಯವರು ಮೀಸೆ ಸವರಿಕೊಂಡರು.

"ಬೀರು ಖಾಲಿ ಐತೇನು?"

"ಅಜ್ಜಾರ ಕಂಬಳಿ ಅದಾವ್ರಿ. ತಗದ್ರಾತು. ಅವನ್ನ ಯಾರೂ ಹೊರಗ ತಗದದ್ದು ನಾ ನೋಡಿಲ್ಲ."

"ಚಳಿ ಇನ್ನೂ ಬಂದಿಲ್ಲ," ಎಂದರು ಗುರುಗಳು.

ದಾನಮ್ಮ ನಾಲಿಗೆ ಕಚ್ಚಿಕೊಂಡಳು. ಹೊಸಮನಿಯವರು ಹೊಟ್ಟೆ ಕುಣಿಯುವಂತೆ ನಕ್ಕರು. ಕಂಬಳಿಗಳಿಗೆ ಮುರಿಗೆಪ್ಪ ತನ್ನ ಬಟ್ಟೆಯ ಪೆಟ್ಟಿಗೆ ಬಿಟ್ಟುಕೊಟ್ಟ.

ವರದಿಗೆ ಹೊಸಮನಿಯವರು ಸಹಿ ಹಾಕಿದರು.

ಅದೇ ಮಧ್ಯಾಹ್ನ ದಾನಮ್ಮ ಮಗ್ಗದ ಪದಗಳನ್ನು ಜೋಡಿಯಿಂದ ಹೊಸ ಟೇಪಿಗೆ ಇಳಿಸಿದಳು. ವಿರೂಪಣ್ಣನಿಗೆ ಅವನ ತಾಯಿಯ ಪದ ಕಳಿಸಿದಳು. ಕೆಮ್ಮನ್ನೂ ಬೈಗುಳವನ್ನೂ ತೆಗೆಯಲಿಲ್ಲ.

ಸಂಜೆ ಗುರುಗಳು ಹೊಳೆಯ ದಂಡೆಯ ಕಲ್ಲಿನ ಮೇಲೆ ಕುಳಿತಿದ್ದರು. ಅವಳು ಹೋಗಿ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು.

"ಅಜ್ಜಾರ, ಒಂದು ಕೇಳಲೇನ್ರಿ?"

"ಕೇಳು."

"ದಿನಾ ನನ್ನನ್ನ ಅಷ್ಟು ಸಲ ಕರೀತೀರಿ. ಮುರಿಗೆಪ್ಪನ್ನ ಒಮ್ಮೆನೂ ಕರಿಯೂದಿಲ್ಲ."

"ಅವನ್ನ ಯಾಕ ಕರೀಲಿ? ರೊಟ್ಟಿ ಹೊತ್ತಿಗೆ ಸರಿಯಾಗಿ ಬರ್ತಾವ."

ದಾನಮ್ಮ ನೀರು ನೋಡಿದಳು.

"ನಾ ನಿಮಗ ಭಾಳ ಬೇಕಾದಾಕಿ ಅಂತ ತಿಳಕೊಂಡಿದ್ದೆ."

ಗುರುಗಳು ಕೋಲನ್ನು ಮಗ್ಗುಲಿಗೆ ಇಟ್ಟರು.

"ಓದಾಕ ಬಾರದ ಟೇಪೇನ್ರಿ ನಾನು?"

"ಇದ್ದಿ."

ಅವಳು ತಲೆ ತಗ್ಗಿಸಿದಳು.

"ಖಾಲಿ ಟೇಪನ್ನ ಯಂತ್ರ ಒಮ್ಮೆ ನೋಡಿ ಬಿಡತೈತಿ," ಎಂದರು ಗುರುಗಳು. "ಒಳಗ ಹಾಡು ಇದ್ರ ಬಿಡೂದಿಲ್ಲ."

ಸೊಂಟದಿಂದ ಕೀಲಿ ಬಿಚ್ಚಲು ಅವರಿಗೆ ತುಸು ಹೊತ್ತು ಹಿಡಿಯಿತು. ಅವಳು ನೆರವಿಗೆ ಹೋಗಲಿಲ್ಲ. ಬಿಚ್ಚಿ, ಅವಳ ಅಂಗೈಯಲ್ಲಿಟ್ಟರು.

ಕೀಲಿ ಬೆಚ್ಚಗಿತ್ತು.

"ಇನ್ನ ಮ್ಯಾಲೆ ನನ್ನ ಕರಿಯೂದಿಲ್ಲೇನ್ರಿ?"

ಗುರುಗಳು ಕೋಲು ಊರಿ ಎದ್ದರು.

"ಇನ್ನ ನೀ ಕರಿ," ಎಂದರು. "ನಾ ಬರ್ತೀನಿ."