ಬಾಗಿಲ ಮೇಲಿನ ನಂಬರ್

ಕೋರ್ಟಿನ ಮುಂದಿನ ಹೊಂಗೆ ಮರದ ಕೆಳಗೆ ಒಬ್ಬ ಟೈಪಿಸ್ಟ್ ಕೂರುತ್ತಿದ್ದ. ಒಂದು ಬೆಳಿಗ್ಗೆ ನಿವೃತ್ತ ಹೆಡ್‌ಮಾಸ್ಟರ್ ಮರಿಬಸಪ್ಪನವರು ಕೊಡೆ ಕುಟ್ಟಿಕೊಂಡು ಅವನ ಮುಂದೆ ಬಂದು ನಿಂತರು.

"ಹೊಡಿಯಯ್ಯಾ ನೋಟಿಸು! ನನ್ನ ತಂಗಿ ಗುರುಸಿದ್ದಮ್ಮ ನಮ್ಮವ್ವನ ತೊಟ್ಟಿಲು ಇಟ್ಕೊಂಡು ಕೂತಿದ್ದಾಳೆ. ನನ್ನ ಮೊಮ್ಮಗಳು ಮಲಗೋದು ಎಲ್ಲಿ? ಊರಿಗೇ ದೊಡ್ಡ ವಕೀಲ ಯಾರು, ಹೇಳು!"

"ಹೇಳ್ತೀನಿ ಮೇಷ್ಟ್ರೇ. ಮೊದಲು ತಂಗಿಯವರ ಮನೆ ನಂಬರ್ ಹೇಳಿ."

ಮೇಷ್ಟ್ರು ತಡವರಿಸಿದರು. "ಕುಂಬಾರ ಬೀದಿ. ಅವಳು ಆ ಮನೆ ಕಟ್ಟಿ ಆರು ವರ್ಷ ಆಯ್ತು. ನಾನು ಆ ಕಡೆ ತಲೆ ಹಾಕಿಲ್ಲ."

"ನಂಬರ್ ಇಲ್ಲದೆ ನೋಟಿಸ್ ಎಲ್ಲಿಗೆ ಹೋಗುತ್ತೆ ಮೇಷ್ಟ್ರೇ? ಬಾಗಿಲ ಹಲಗೆ ಮೇಲೇ ಹೊರಗಡೆ ಬರೆದಿರ್ತಾರೆ, ನೋಡ್ಕೊಂಡು ಬನ್ನಿ. ಅವರು ನಿಮ್ಮ ಮುಖ ಕಂಡು ಬಾಗಿಲು ಹಾಕಿಕೊಂಡ್ರೆ, ವಕೀಲರ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ."

ಮೇಷ್ಟ್ರು ಗೊಣಗುತ್ತಾ ಹೊರಟರು. ಗುರುಸಿದ್ದಮ್ಮನ ಎದುರು ಮನೆಯೇ ತನ್ನದು ಅಂತ ಟೈಪಿಸ್ಟ್ ಬಾಯಿ ಬಿಡಲಿಲ್ಲ.

ಮರುದಿನ ಮೇಷ್ಟ್ರು ಬಂದಾಗ ಕೈಯಲ್ಲಿ ಕೊಡೆ ಇರಲಿಲ್ಲ, ಎಲ್ಲೋ ಮರೆತು ಬಂದಿದ್ದರು. ಅಂಗಿಯ ಮೇಲೆ ಹೋಳಿಗೆ ತುಪ್ಪದ ಕಲೆ ಇತ್ತು.

"ತೊಟ್ಟಿಲನ್ನ ಒರೆಸಿ ಇಟ್ಟಿದ್ದಳಯ್ಯಾ. ಅಣ್ಣ ಒಂದು ಸಲ ಬಂದು ಕೇಳಲಿ ಅಂತ ಕಾಯ್ತಿದ್ದಳಂತೆ."

ಟೈಪಿಸ್ಟ್ ನಗು ನುಂಗಿಕೊಂಡು ಮೆಷೀನಿಗೆ ಹಾಳೆ ಏರಿಸಿದ. "ಸರಿ ಮೇಷ್ಟ್ರೇ, ನಂಬರ್ ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಕಾಣಲಿಲ್ಲ ಕಣಯ್ಯಾ. ನಾನು ಹೋದಾಗಿಂದ ಬರೋವರೆಗೂ ಬಾಗಿಲು ತೆರೆದೇ ಇತ್ತು."